ಗಂಡ ಹೊರದೇಶದವರು, ಊರು ನನ್ನದು: ವಾಪಸ್ ಬಂದು ಎಲ್ಲಿ ಮನೆ ಮಾಡುವುದು?

ಈ ವರ್ಷ ಮೂವರು ಗೆಳತಿಯರು ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬಳು ಜರ್ಮನಿಯಲ್ಲಿ, ಒಬ್ಬಳು ಐರ್ಲೆಂಡ್‌ನಲ್ಲಿ, ಇನ್ನೊಬ್ಬಳು ಅಮೆರಿಕದಲ್ಲಿ ಇದ್ದಾಳೆ. ಮೂವರ ಗಂಡಂದಿರೂ ಅಲ್ಲಿಯವರೇ. "ಅಪ್ಪ ಅಮ್ಮನಿಗೆ ವಯಸ್ಸಾಯ್ತು ಕಣೇ, ವಾಪಸ್ ಬರೋಣ ಅಂತಿದೀವಿ. ಬೆಂಗಳೂರಾ, ಮೈಸೂರಾ, ಮಂಗಳೂರಾ, ಇಲ್ಲಾ ಸೀದಾ ಊರಿಗೇ ಹೋಗೋದಾ?" ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ನಮ್ಮ ಸಂಗತಿ. ನಾನು ಸಾಗರದ ಹತ್ತಿರದ ಒಂದು ಅಡಿಕೆ ತೋಟದ ಮನೆಯವಳು. ಹನ್ನೊಂದು ವರ್ಷ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೆ. ನನ್ನ ಗಂಡ ಡಚ್. ಅಲ್ಲಿನ ಕಂಪನಿಗಳಿಗೆ ಯಂತ್ರಗಳ ಕೈಪಿಡಿ ಅನುವಾದ ಮಾಡುವುದು ಅವರ ಕೆಲಸ, ಎಲ್ಲಿ ಕೂತಾದರೂ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದೆವು. ಮೊದಲ ಹತ್ತು ತಿಂಗಳು ಊರಿನಲ್ಲಿದ್ದೆವು. ಈಗ ಮೈಸೂರಿನಲ್ಲಿದ್ದೇವೆ.

ಆ ಹತ್ತು ತಿಂಗಳಲ್ಲಿ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ವಾಪಸ್ ಬಂದವಳು ನಾನೊಬ್ಬಳೇ. ಅವರು ಮನೆ ಬಿಟ್ಟು ಬಂದಿದ್ದರು. ಹಾಗಾಗಿ ಯಾವ ಊರು ಅನ್ನುವುದನ್ನು ನಮ್ಮ ನೆನಪು, ನಮ್ಮ ಆಸೆ ನೋಡಿ ತೀರ್ಮಾನಿಸಬೇಡಿ. ಜೊತೆಯಲ್ಲಿ ಬರುವವರ ದಿನ ಅಲ್ಲಿ ಹೇಗೆ ಕಳೆಯುತ್ತದೆ ಅನ್ನುವುದನ್ನು ನೋಡಿ.

ಯಾವುದನ್ನು ನೋಡಿ ಅಳೆಯುವುದು?

ನಾನಾದರೆ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದು: ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಏನು ಮಾಡುತ್ತಿರುತ್ತಾರೆ? ಹಬ್ಬದ ದಿನ, ನೆಂಟರು ಬಂದ ದಿನ ಎಲ್ಲ ಊರೂ ಚೆನ್ನಾಗಿರುತ್ತದೆ. ಸುಮ್ನೆ ಒಂದು ಮಂಗಳವಾರ, ನೀವು ಹೊರಗೆ ಹೋಗಿದ್ದೀರಿ, ಅವರೊಬ್ಬರೇ ಇದ್ದಾರೆ. ಆಗ ಹೋಗಲು ಒಂದು ಜಾಗ, ಮಾತಾಡಲು ಒಬ್ಬರು, ಮಾಡಲು ಒಂದು ಕೆಲಸ ಇದೆಯಾ?

ಎರಡನೆಯದು ಭಾಷೆ. ರಸ್ತೆಯಲ್ಲಿ ಯಾವ ಭಾಷೆ ಕೇಳುತ್ತದೆ, ಕಲಿಯುವ ಅಗತ್ಯ ಬೀಳುತ್ತದಾ, ಕಲಿಸುವವರು ಸಿಗುತ್ತಾರಾ? ಮೂರನೆಯದು ಅಪ್ಪ ಅಮ್ಮನಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದು. ಆಮೇಲೆ ಮಕ್ಕಳ ಶಾಲೆ, ಆಸ್ಪತ್ರೆ, ಖರ್ಚು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ: ಸರಿಹೋಗದಿದ್ದರೆ ತಿರುಗಿ ಹೋಗುವ ದಾರಿ ಉಳಿದಿದೆಯಾ?

ಇದಕ್ಕೆಲ್ಲ ಮುಂಚೆ ಕಾಗದಪತ್ರ. ಯಾವ ಊರು ಆರಿಸಿದರೂ ಇದು ಒಂದೇ.

ಎಂಟ್ರಿ ವೀಸಾನಾ, ಓಸಿಐ ಕಾರ್ಡಾ?

ಭಾರತೀಯರ ವಿದೇಶಿ ಗಂಡ ಅಥವಾ ಹೆಂಡತಿಗೆ ಇರುವ ಮುಖ್ಯ ದಾರಿ ಎರಡು. ಒಂದು ಎಂಟ್ರಿ ವೀಸಾ, ಎಕ್ಸ್ ವೀಸಾ ಅಂತಲೂ ಕರೆಯುತ್ತಾರೆ. ಇದರಲ್ಲಿ ನಿಮ್ಮ ಜೊತೆ ಇರಬಹುದು, ಆದರೆ ಸಾಮಾನ್ಯವಾಗಿ ಇಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ. 180 ದಿನಕ್ಕಿಂತ ಹೆಚ್ಚಿನ ವೀಸಾ ಆದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಬೆಂಗಳೂರಿನಲ್ಲಿ ಇದಕ್ಕೆ ಶಾಂತಿನಗರದ ಎಫ್‌ಆರ್‌ಆರ್‌ಓ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ. ಈಗ ಅರ್ಜಿ ಹಾಕುವುದು, ವೀಸಾ ಮುಂದುವರಿಸುವುದು ಎಲ್ಲ ಆನ್‌ಲೈನ್‌ನಲ್ಲೇ ಶುರುವಾಗುತ್ತದೆ.

ಇನ್ನೊಂದು ಓಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡ್. ಮದುವೆ ನೋಂದಣಿ ಆಗಿ, ಅರ್ಜಿ ಹಾಕುವ ಹೊತ್ತಿಗೆ ಸತತ ಎರಡು ವರ್ಷ ಸಂಸಾರ ನಡೆದಿರಬೇಕು. ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜನ ಕಾಲದಲ್ಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರತ್ವ ಇದ್ದವರಿಗೆ ಸಿಗುವುದಿಲ್ಲ. ಸಿಕ್ಕರೆ ಜೀವನಪೂರ್ತಿ ಓಡಾಡಬಹುದು, ಎಫ್‌ಆರ್‌ಆರ್‌ಓ ನೋಂದಣಿ ಬೇಡ, ಖಾಸಗಿ ಕೆಲಸಕ್ಕೆ ಸೇರಬಹುದು. ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪತ್ರಕರ್ತರಾಗಿ, ಸಂಶೋಧಕರಾಗಿ ಕೆಲಸ ಮಾಡಲು ಬೇರೆ ಅನುಮತಿ ಬೇಕು. ಒಂದು ಮಾತು ನೆನಪಿರಲಿ: ಇದು ಮದುವೆಗೆ ಕಟ್ಟಿದ ಹಕ್ಕು. ಕೋರ್ಟಿನಲ್ಲಿ ವಿಚ್ಛೇದನ ಆದರೆ ಕಾರ್ಡೂ ಹೋಗುತ್ತದೆ. ಕೇಳಲು ಬೇಜಾರಾದರೂ ಹೊರಡುವ ಮುಂಚೆ ಇಬ್ಬರೂ ಕೂತು ಇದನ್ನು ಮಾತಾಡಿಕೊಳ್ಳಿ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡು ವರ್ಷ ತುಂಬಲು ಆರೇಳು ತಿಂಗಳು ಮಾತ್ರ ಬಾಕಿ ಇದ್ದರೆ ಅಲ್ಲೇ ಕಾದು, ಓಸಿಐ ಕೈಗೆ ಬಂದ ಮೇಲೇ ಹೊರಡಿ. ಅಪ್ಪ ಅಮ್ಮನ ಆರೋಗ್ಯ ಕಾಯಲು ಬಿಡದಿದ್ದರೆ ಎಂಟ್ರಿ ವೀಸಾದಲ್ಲಿ ಬನ್ನಿ, ಆದರೆ ಆ ಅವಧಿಯಲ್ಲಿ ಒಬ್ಬರದೇ ಸಂಬಳ ಅಂತ ಲೆಕ್ಕ ಹಾಕಿಕೊಳ್ಳಿ. ನಾವು ಓಸಿಐ ಅಲ್ಲೇ ಮಾಡಿಸಿದೆವು. ಅರ್ಜಿ ಎರಡು ಸಲ ತಿರುಗಿ ಬಂತು. ಒಮ್ಮೆ ಮದುವೆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲೂ ಒಪ್ಪಲು ಹಾಕಿಸುವ) ಮುದ್ರೆ ಇರಲಿಲ್ಲ. ಇನ್ನೊಮ್ಮೆ ನನ್ನ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಿರಲಿಲ್ಲ. ಇದೆರಡನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ, ನಮಗೆ ನಾಲ್ಕು ತಿಂಗಳು ಹಾಳಾಯಿತು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಭಾರತದಲ್ಲಿ ಎರಡು ಪೌರತ್ವ ಇಲ್ಲ. ಮಗುವಿಗೆ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಓಸಿಐ ಮಾಡಿಸುತ್ತೇವೆ. ಆದರೆ 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ನೀಟ್, ಜೆಇಇ ಥರದ ಪರೀಕ್ಷೆ ಬರೆದರೂ ಓಸಿಐ ಮಕ್ಕಳಿಗೆ ಸಿಗುವುದು ಎನ್‌ಆರ್‌ಐ ಸೀಟು ಮತ್ತು ಹೆಚ್ಚುವರಿ ಸೀಟು ಮಾತ್ರ. ಈ ನಿಯಮ ಆ ದಿನಾಂಕದ ನಂತರ ಕಾರ್ಡ್ ಪಡೆದವರಿಗಷ್ಟೇ ಅನ್ವಯ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಮಗಳ ಕಾರ್ಡ್ 2019ರದು, ಅವಳು ಪಾರಾದಳು. ನಿಮ್ಮ ಮಗುವಿನ ಕಾರ್ಡ್ ಹೊಸದಾಗಿದ್ದರೆ ಮೆಡಿಕಲ್, ಎಂಜಿನಿಯರಿಂಗ್ ಖರ್ಚನ್ನು ಈಗಲೇ ಯೋಚಿಸಿ.

ಸ್ವಂತ ಊರು

ಎಲ್ಲರಿಗೂ ಮೊದಲು ಮನಸ್ಸು ಎಳೆಯುವುದು ಇದೇ. ನನಗೂ ಹಾಗೇ ಆಯಿತು. ಮನೆ ಇದೆ, ಬಾಡಿಗೆ ಇಲ್ಲ, ಅಪ್ಪ ಅಮ್ಮ ಕಣ್ಣೆದುರಿಗೇ ಇರುತ್ತಾರೆ, ಮಗಳು ತೋಟದಲ್ಲಿ ಓಡಾಡಿಕೊಂಡು ಬೆಳೆಯುತ್ತಾಳೆ.

ಬಂದ ಮೂರನೇ ದಿನ ಊಟ ಮುಗಿಸಿ ನನ್ನ ಗಂಡ ತಮ್ಮ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ತೊಳೆಯಲು ಹೋದರು. ಅಮ್ಮ ಒಳಗಿನಿಂದ ಓಡಿಬಂದು ತಟ್ಟೆ ಕಿತ್ತುಕೊಂಡರು. "ಅಳಿಯ ತಟ್ಟೆ ತೊಳೆದ ಅಂದ್ರೆ ಊರಲ್ಲಿ ಏನಂತಾರೆ?" ಅಮ್ಮನ ಕಣ್ಣಲ್ಲಿ ನೀರು. ಇವರಿಗೆ ತಾನು ಮಾಡಿದ ತಪ್ಪೇನು ಅಂತ ಗೊತ್ತಾಗಲಿಲ್ಲ. ಆಮೇಲೆ ವಾರಗಟ್ಟಲೆ ಹೀಗೇ. ಯಾವ ಕೆಲಸಕ್ಕೆ ಕೈ ಹಾಕಿದರೂ "ನೀವು ಕೂತ್ಕೊಳ್ಳಿ". ಮೂವತ್ತೆಂಟು ವರ್ಷದ ಗಂಡಸು, ತನ್ನ ಮನೆಯಲ್ಲಿ ಅಡುಗೆ ಮಾಡಿ, ಬಾಗಿಲಿಗೆ ಬಣ್ಣ ಹಚ್ಚಿ ಬದುಕಿದವರು, ಜಗಲಿಯ ಮೇಲೆ ಅತಿಥಿಯಾಗಿ ಕೂತಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಮಂಗಳವಾರ ಹನ್ನೊಂದು ಗಂಟೆಗೆ ಮಾಡಲು ಏನೂ ಇರಲಿಲ್ಲ.

ಭಾಷೆಯಲ್ಲೂ ಒಂದು ತೊಡಕಾಯಿತು. ಬರುವ ಮುಂಚೆ ಇವರು ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದರು. "ನೀರು ಕುಡಿಯುತ್ತೀರಾ?" ಅಂದರೆ ಅರ್ಥವಾಗುತ್ತಿತ್ತು. ನಮ್ಮ ಮನೆಯಲ್ಲಿ ಆಡುವುದು ಹವ್ಯಕ ಕನ್ನಡ. ದೊಡ್ಡಮ್ಮ ಬಂದು "ಆಸ್ರಿಗೆ ಎಂತ ಬೇಕು?" (ಕುಡಿಯಲು ಏನು ಬೇಕು) ಅಂದಾಗ ಇವರು ನನ್ನ ಮುಖ ನೋಡಿದರು. ನಿಮ್ಮ ಮನೆಯ ಮಾತು ಕೊಡವ, ತುಳು, ಕುಂದಾಪ್ರ ಕನ್ನಡ ಏನೇ ಆಗಿರಲಿ, ಪುಸ್ತಕದ ಕನ್ನಡಕ್ಕೆ ಮುಂಚೆ ಮನೆಯ ನೂರು ಪದ ಕಲಿಸಿ ಕರೆತನ್ನಿ.

ಆದರೂ ಊರಿನಲ್ಲೇ ಒಂದು ಒಳ್ಳೆಯ ಕಾಲವೂ ಬಂತು. ನವೆಂಬರ್‌ನಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು ಶುರುವಾಯಿತು. ಸಂಜೆ ಅಡಿಕೆ ಸುಲಿಯಲು ಹತ್ತು ಹದಿನೈದು ಜನ ಬರುತ್ತಿದ್ದರು. ಒಂದು ದಿನ ಇವರೂ ಹೋಗಿ ಒಂದು ಮೆಟ್ಟುಗತ್ತಿಯ ಮುಂದೆ ಕೂತರು. ಮೊದಲ ದಿನ ಹೆಬ್ಬೆರಳು ಕುಯ್ದುಕೊಂಡರು. ವಾರದಲ್ಲಿ ಕೈ ಪಳಗಿತು. ಬೇರೆಯವರು ಮೂರು ಡಬ್ಬ ಸುಲಿಯುವ ಹೊತ್ತಿಗೆ ಇವರದು ಒಂದು ಡಬ್ಬ ತುಂಬುತ್ತಿತ್ತು. ಅಲ್ಲಿ ಯಾರೂ ಇವರನ್ನು ಅಳಿಯ ಅಂತ ನೋಡಲಿಲ್ಲ. ಕೈ ಕೆಲಸದಲ್ಲಿತ್ತು, ಬಾಯಿ ಮಾತಿನಲ್ಲಿತ್ತು. ಇವರ ಕನ್ನಡದ ಬಹುಪಾಲು ಆ ಎರಡು ತಿಂಗಳಲ್ಲಿ ಬಂದಿದ್ದು. ಹಾಗಾಗಿ ಊರಿಗೇ ಬರುವವರಿಗೆ ನಾನು ಹೇಳುವುದು ಒಂದೇ: ಅವರಿಗೆ ಒಂದು ನಿಜವಾದ ಕೆಲಸ ಹುಡುಕಿ, ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. ವರ್ಷವಿಡೀ ಮಾಡುವಂಥ ಕೆಲಸ ಆಗಿರಬೇಕು. ನಮ್ಮದು ಕೊಯ್ಲಿನ ಜೊತೆ ಮುಗಿದುಹೋಯಿತು.

ಉಳಿದ ಲೆಕ್ಕ ಹೀಗಿದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ. ಇನ್ವರ್ಟರ್ ಜೊತೆಗೆ ಎರಡು ಬೇರೆ ಬೇರೆ ಇಂಟರ್ನೆಟ್ ಇಲ್ಲದಿದ್ದರೆ ಆನ್‌ಲೈನ್ ಕೆಲಸ ಕಷ್ಟ. ಚಳಿಗಾಲದಿಂದ ಬೇಸಿಗೆವರೆಗೆ ಕಾಡಿಗೆ ಹೋಗುವಾಗ ಉಣುಗಿನ ಬಗ್ಗೆ ಎಚ್ಚರ ಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಕಾಡು ಸುತ್ತುವ ಹುಚ್ಚಿರುವ ವಿದೇಶಿಯರಿಗೆ ಇದನ್ನು ಬಿಡಿಸಿ ಹೇಳಬೇಕು. 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾದ ಮೇಲೆ ಓಡಾಟ ಸ್ವಲ್ಪ ಹಗುರವಾಗಿದೆ.

ಆಸ್ತಿ ಮಾತು ಊರಿಗೆ ಹೋಗುವವರಿಗೆ ಜಾಸ್ತಿ ಮುಖ್ಯ. ವಿದೇಶಿ ಸಂಗಾತಿಯ ಹೆಸರಿನಲ್ಲಿ ತೋಟ, ಗದ್ದೆ ಕೊಳ್ಳಲಾಗದು. ಹಿಂದೂ ಅವಿಭಕ್ತ ಕುಟುಂಬದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಅಲ್ಲದವರನ್ನು ಮದುವೆಯಾಗಿದ್ದರೆ, ಆ ಕುಟುಂಬದಿಂದ ಬೇರೆಯಾದಂತೆ ಕಾನೂನು ನೋಡುತ್ತದೆ. ಪಾಲಿನ ಹಕ್ಕು ಹೋಗುವುದಿಲ್ಲ, ಆದರೆ ಮುಂದೆ ಆಸ್ತಿ ಹಂಚಿಕೆಗೆ ಬೇರೆ ಕಾಯ್ದೆ ಬರುತ್ತದೆ. ಅಣ್ಣ ತಮ್ಮಂದಿರ ಜೊತೆ ಒಂದೇ ಮನೆಯಲ್ಲಿ ಇರುವ ಯೋಚನೆ ಇದ್ದರೆ, ವಕೀಲರ ಹತ್ತಿರ ಒಂದು ದಿನ ಕೂತು ಮಾತಾಡಿ. ವಿಲ್ ಬರೆಸಿ.

ಬೆಂಗಳೂರು

ಸಂಗಾತಿಗೆ ಇಲ್ಲಿ ಆಫೀಸಿಗೆ ಹೋಗುವ ಕೆಲಸವೇ ಬೇಕು ಅಂದರೆ ಜಾಸ್ತಿ ಯೋಚಿಸಬೇಡಿ, ಬೆಂಗಳೂರೇ ಸರಿ. ಕಂಪನಿಗಳು ಇಲ್ಲಿವೆ, ಓಸಿಐ ಇದ್ದವರನ್ನು ಕೆಲಸಕ್ಕೆ ತೆಗೆದುಕೊಂಡು ಅಭ್ಯಾಸ ಇರುವ ಎಚ್‌ಆರ್‌ನವರು ಇಲ್ಲಿದ್ದಾರೆ. ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಜರ್ಮನ್, ಫ್ರೆಂಚ್ ಮಾತಾಡುವವರಿಗೆ ಪರಿಚಯ ಬೆಳೆಸಲು, ಕಲಿಸುವ ಕೆಲಸ ಹುಡುಕಲು ಒಳ್ಳೆಯ ಜಾಗ. ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್, ಲಂಡನ್‌ಗೆ ನೇರ ವಿಮಾನ ಇರುವುದು ಸಣ್ಣ ವಿಷಯ ಅಲ್ಲ. ನನ್ನ ಅತ್ತೆಗೆ ಎಪ್ಪತ್ತೆರಡು. ನಡುವೆ ವಿಮಾನ ಬದಲಿಸಬೇಕು ಅಂದಿದ್ದರೆ ಅವರು ಬರುತ್ತಿರಲಿಲ್ಲ. ನಮ್ಮ ಅಪ್ಪ ಅಮ್ಮನ ಬಗ್ಗೆ ಯೋಚಿಸುವಾಗ ಸಂಗಾತಿಗೂ ಅಪ್ಪ ಅಮ್ಮ ಇದ್ದಾರೆ ಅನ್ನುವುದು ಮರೆತೇಹೋಗುತ್ತದೆ, ಅಲ್ವಾ?

ಕಳೆದುಕೊಳ್ಳುವುದು ಏನು? ದುಡ್ಡು, ಸಮಯ. ನಾವು ಮನೆ ಹುಡುಕಿದಾಗ ಎರಡು ರೂಮಿನ ಮನೆಗೆ 35ರಿಂದ 60 ಸಾವಿರ ಬಾಡಿಗೆ ಕೇಳಿದರು, ಅಡ್ವಾನ್ಸ್ ಬೇರೆ. ಅಂತಾರಾಷ್ಟ್ರೀಯ ಶಾಲೆಗಳ ಫೀ ವರ್ಷಕ್ಕೆ ಹಲವು ಲಕ್ಷ. ಇನ್ನೊಂದು ನಷ್ಟ ಬೇಗ ಕಾಣುವುದಿಲ್ಲ. ಬೆಂಗಳೂರಿನ ಬಹಳಷ್ಟು ಕಡೆ ಇಂಗ್ಲಿಷಿನಲ್ಲೇ ಜೀವನ ಸಾಗುತ್ತದೆ. ಕನ್ನಡ ಕಲಿಯುವ ಒತ್ತಾಯ ಬೀಳುವುದಿಲ್ಲ. ಆಮೇಲೆ ಊರಿಗೆ ಹೋದಾಗ ಅತ್ತೆ ಮಾವನ ಜೊತೆ ನಗುವುದು ಬಿಟ್ಟರೆ ಬೇರೆ ಮಾತಿಲ್ಲ. ಬೆಂಗಳೂರಿಗೇ ಬರುವುದಾದರೆ ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆ ನೋಡಿ. ಅಂಗಡಿಯಲ್ಲಿ, ಹೂವಿನವರ ಹತ್ತಿರ ಕನ್ನಡ ತಾನಾಗಿ ಕಿವಿಗೆ ಬೀಳುತ್ತದೆ.

ಮಂಗಳೂರು, ಮಣಿಪಾಲ

ಮನೆಯವರು ಆ ಕಡೆಯವರಾಗಿದ್ದರೆ, ಇಲ್ಲವೇ ಒಬ್ಬರ ಕೆಲಸ ಇನ್ನೂ ಗಲ್ಫ್‌ನಲ್ಲಿ ಇದ್ದರೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಬಜ್ಪೆಯಿಂದ ದುಬೈ, ಅಬುಧಾಬಿಗೆ ನೇರ ವಿಮಾನ ಇದೆ. ಆಸ್ಪತ್ರೆಗಳ ವಿಷಯದಲ್ಲಿ ಚಿಂತೆಯೇ ಇಲ್ಲ, ಮಣಿಪಾಲದ ಕೆಎಂಸಿ 1953ರಿಂದ ಇದೆ. ವಿದೇಶಿ ವಿದ್ಯಾರ್ಥಿಗಳನ್ನು ನೋಡಿ ನೋಡಿ ಮಣಿಪಾಲದ ಜನಕ್ಕೆ ಬಿಳಿ ಚರ್ಮ, ಕಪ್ಪು ಚರ್ಮ ಯಾವುದೂ ಹೊಸದಲ್ಲ. ಮೀನು ತಿನ್ನುವವರಿಗೆ ಸ್ವರ್ಗ.

ತೊಡಕು ಎರಡು. ರಸ್ತೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕೇಳುತ್ತದೆ. ಹೊಸದಾಗಿ ಒಂದು ಭಾಷೆ ಕಲಿಯುವವರಿಗೆ ಯಾವುದು ಹಿಡಿಯಬೇಕು ಅಂತ ಗೊಂದಲ. ನಿಮ್ಮ ಮನೆಯಲ್ಲಿ ಯಾವುದೋ ಅದನ್ನೇ ಕಲಿಸಿ. ಇನ್ನೊಂದು ಸೆಕೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಚಳಿ ದೇಶದವರು ನಿಜಕ್ಕೂ ಒದ್ದಾಡುತ್ತಾರೆ.

ಹುಬ್ಬಳ್ಳಿ-ಧಾರವಾಡದ ಬಗ್ಗೆ ಒಂದೇ ಮಾತು. ಮನೆಯವರು ಅಲ್ಲಿದ್ದರೆ ಖಂಡಿತ ಹೋಗಿ. ಶಾಲೆ, ಆಸ್ಪತ್ರೆ ಎರಡೂ ಚೆನ್ನಾಗಿವೆ, ಖರ್ಚು ಕಡಿಮೆ. ಮನೆಯವರು ಇಲ್ಲದೆ ಅಲ್ಲಿಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ.

ಮೈಸೂರು

ನಾವು ಇಲ್ಲಿಗೆ ಬಂದದ್ದಕ್ಕೆ ಮೂರು ಕಾರಣ. ಸಾಗರಕ್ಕೆ ರಾತ್ರಿ ರೈಲು ಇದೆ, ತಾಳಗುಪ್ಪದವರೆಗೆ ಹೋಗುತ್ತದೆ. ಬಾಡಿಗೆ ಕೈಗೆಟುಕುತ್ತದೆ, ನಮ್ಮದು 21 ಸಾವಿರ. ಮೂರನೆಯದು, ಯೋಗ ಕಲಿಯಲು ಬರುವವರಿಂದಾಗಿ ಇಲ್ಲಿಯ ಜನಕ್ಕೆ ವಿದೇಶಿಯರು ಹೊಸಬರಲ್ಲ. ಗೋಕುಲಂನಲ್ಲಂತೂ ಮನೆ ಮಾಲೀಕರು ಪಾಸ್‌ಪೋರ್ಟ್ ನೋಡಿ ಗಾಬರಿಯಾಗುವುದಿಲ್ಲ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇರುವ ಊರು ಇದು. ಹೊರಗಿನವರಿಗೆ ಕನ್ನಡ ಕಲಿಸಿ ಪಳಗಿದ ಮೇಷ್ಟ್ರುಗಳು ಹುಡುಕಿದರೆ ಸಿಗುತ್ತಾರೆ. ನಮಗೆ ಸಿಕ್ಕವರು ನಿವೃತ್ತ ಮೇಡಂ. ವಾರಕ್ಕೆ ಎರಡು ದಿನ ಮನೆಗೇ ಬರುತ್ತಾರೆ.

ಈಗ ಮಂಗಳವಾರ ಹನ್ನೊಂದು ಗಂಟೆಗೆ ಇವರು ಸೈಕಲ್ ಹತ್ತಿ ತರಕಾರಿಗೆ ಹೋಗಿರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಗಡಿಯಾರ ನಮಗಿಂತ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇವರ ಕೆಲಸ ಮಧ್ಯಾಹ್ನದ ಮೇಲೇ ಶುರು, ಬೆಳಿಗ್ಗೆ ಪೂರ್ತಿ ಅವರದೇ. ಕುಕ್ಕರಹಳ್ಳಿ ಕೆರೆ ಸುತ್ತುವ ನಾಲ್ಕು ಜನ ಹಿರಿಯರು ಇವರನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಿದ್ದಾರೆ. ಮೊನ್ನೆ ಮನೆಗೆ ಬಂದು "ಸೊಪ್ಪಿನವರು ನಂಗೆ ಕೊಸರು ಹಾಕಿದ್ರು" ಅಂತ ಒಂದು ಹಿಡಿ ಕೊತ್ತಂಬರಿ ತೋರಿಸಿದರು. ಕೊಸರು ಅನ್ನುವ ಪದ ನಾನು ಹೇಳಿಕೊಟ್ಟದ್ದಲ್ಲ.

ಕೊರತೆಯೂ ಇದೆ. ಇಲ್ಲಿ ವಿದೇಶಿಯರಿಗೆ ಹೊಸದಾಗಿ ಕೆಲಸ ಸಿಗುವುದು ಕಷ್ಟ. ಕೆಲಸ ಜೊತೆಯಲ್ಲೇ ತಂದವರಿಗೆ ಮಾತ್ರ ಮೈಸೂರು ಸರಿ. ಅತ್ತೆಯನ್ನು ಕರೆತರಲು ಬೆಂಗಳೂರಿನ ವಿಮಾನ ನಿಲ್ದಾಣಕ್ಕೇ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಇದ್ದರೂ ಬೆಂಗಳೂರು ದಾಟುವಷ್ಟರಲ್ಲಿ ಸುಸ್ತು. ಅಪ್ಪನಿಗೆ ಮಂಡಿ ಆಪರೇಷನ್ ಆದಾಗ ನಾನು ತಲುಪಿದ್ದು ಮರುದಿನ ಬೆಳಿಗ್ಗೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಅಪ್ಪ ಅಮ್ಮ ಹಾಸಿಗೆ ಹಿಡಿದಿದ್ದರೆ ನಾನು ಮಾಡಿದ್ದನ್ನು ಮಾಡಬೇಡಿ. ಊರಿನ ಹತ್ತಿರದ ಪೇಟೆಯಲ್ಲೇ, ಅಂದರೆ ನಮಗಾದರೆ ಶಿವಮೊಗ್ಗ, ಬೇರೆ ಮನೆ ಮಾಡಿ. ಒಂದೂವರೆ ಗಂಟೆಯಲ್ಲಿ ತಲುಪಬಹುದು, ಸಂಗಾತಿಗೆ ತನ್ನದೇ ಅಡುಗೆಮನೆಯೂ ಇರುತ್ತದೆ.

ದುಡ್ಡು, ತಿರುಗಿ ಹೋಗುವ ದಾರಿ

ಕೈಯಲ್ಲಿ ಒಂದು ವರ್ಷದ ಖರ್ಚು ಇಲ್ಲದೆ ಹೊರಡಬೇಡಿ. ಆರೋಗ್ಯ ವಿಮೆಯನ್ನು ಬಂದ ತಿಂಗಳೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಇಲ್ಲಿನ ಪಾಲಿಸಿಗಳಲ್ಲಿ ಗರಿಷ್ಠ 36 ತಿಂಗಳವರೆಗೆ ಕಾಯಬೇಕಾಗಬಹುದು. ಬೇಗ ಶುರು ಮಾಡಿದಷ್ಟೂ ಬೇಗ ಮುಗಿಯುತ್ತದೆ. ಆಧಾರ್ ಕಾರ್ಡಿಗೆ ವಿದೇಶಿಯರು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಮೊದಲ ಆರು ತಿಂಗಳು ಗ್ಯಾಸ್, ಸಿಮ್ ಎಲ್ಲ ನಿಮ್ಮ ಹೆಸರಿನಲ್ಲೇ. ಡ್ರೈವಿಂಗ್ ಲೈಸೆನ್ಸ್ ಮಾತ್ರ ಅವರದೇ ಬೇಗ ಮಾಡಿಸಿ, ಒಬ್ಬರೇ ಓಡಾಡಲು ಧೈರ್ಯ ಬರುವುದು ಅದರಿಂದ. ತೆರಿಗೆಯಲ್ಲಿ, ಬಹಳ ವರ್ಷ ಹೊರಗಿದ್ದವರಿಗೆ ಮೊದಲ ಎರಡು ಮೂರು ವರ್ಷ ವಿದೇಶದ ಆದಾಯದ ಮೇಲೆ ವಿನಾಯಿತಿ ಸಿಗಬಹುದು. ಆದರೆ ಅಮೆರಿಕದ ಪ್ರಜೆ ಎಲ್ಲೇ ಇದ್ದರೂ ಅಲ್ಲಿಗೂ ರಿಟರ್ನ್ ಸಲ್ಲಿಸಬೇಕು. ಇಬ್ಬರದನ್ನೂ ಒಟ್ಟಿಗೆ ನೋಡುವ ಆಡಿಟರ್ ಹುಡುಕಿ.

ಸಂಗಾತಿಯ ಪಿಂಚಣಿ ಬಗ್ಗೆ ಕೇಳುವುದು ಮರೆಯಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ವೃದ್ಧಾಪ್ಯ ಪಿಂಚಣಿ, ಅಲ್ಲಿ ವಾಸವಿದ್ದ ಒಂದೊಂದು ವರ್ಷಕ್ಕೆ ಶೇ 2ರಂತೆ ಕೂಡುತ್ತಾ ಹೋಗುತ್ತದೆ. ಬಿಟ್ಟು ಬಂದ ವರ್ಷಗಳು ಕಡಿತ. ನಮ್ಮ ಜೊತೆ ಬಂದ ಪ್ರತಿ ವರ್ಷಕ್ಕೂ ಅವರು ಮುದಿತನದ ದುಡ್ಡಿನಲ್ಲಿ ಬೆಲೆ ಕೊಡುತ್ತಿದ್ದಾರೆ. ಅದನ್ನು ತುಂಬಿಕೊಡುವ ಉಳಿತಾಯ ನಮ್ಮ ಮನೆ ಬಜೆಟ್‌ನಲ್ಲಿ ಬಾಡಿಗೆಯ ಕೆಳಗಿನ ಸಾಲಿನಲ್ಲೇ ಇದೆ. ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಿಲ್ಲ. ಎರಡು ವರ್ಷಕ್ಕೊಮ್ಮೆ ಕೂತು "ಇರೋಣವಾ, ಹೋಗೋಣವಾ" ಅಂತ ಕೇಳಿಕೊಳ್ಳುತ್ತೇವೆ. ಆ ಪ್ರಶ್ನೆಯನ್ನು ನಾನೇ ಮೊದಲು ಎತ್ತುತ್ತೇನೆ, ಅವರು ಎತ್ತಲಿ ಅಂತ ಕಾಯುವುದಿಲ್ಲ.

ಇನ್ನೂ ತೀರ್ಮಾನ ಆಗದಿದ್ದರೆ ಒಮ್ಮೆ ಬಂದು ಇದ್ದು ನೋಡಿ. ಡಿಸೆಂಬರ್‌ನಲ್ಲಿ ಬೇಡ. ಆಗ ಮದುವೆ, ನೆಂಟರು, ತಂಪು ಗಾಳಿ, ಎಲ್ಲ ಚೆಂದ ಕಾಣುತ್ತದೆ. ಜುಲೈನಲ್ಲಿ ಬನ್ನಿ. ಜರ್ಮನಿಯ ಗೆಳತಿ ಈ ಜುಲೈನಲ್ಲಿ ಆರು ವಾರ ಶಿರಸಿಗೆ ಬರುತ್ತಿದ್ದಾಳೆ. ಜೋಗ, ಗೋಕರ್ಣ ಅಂತ ಪಟ್ಟಿ ಮಾಡಿ ಕಳಿಸಿದ್ದಳು. ಅದೆಲ್ಲ ಬಿಡು ಅಂದೆ. ಗಂಡನ ಕೈಗೆ ಒಂದು ಕೊಡೆ, ಒಂದು ಚೀಲ ಕೊಟ್ಟು ಮಂಗಳವಾರದ ಸಂತೆಗೆ ಒಬ್ಬರನ್ನೇ ಕಳಿಸು, ಅವರು ತಿರುಗಿ ಬರುವವರೆಗೆ ಫೋನ್ ಮಾಡಬೇಡ ಅಂತ ಹೇಳಿದ್ದೇನೆ.